ಎಲೆ ಉದುರದಂತೆ ಒಣಹುಲ್ಲು: ಕೊಯ್ಲಿನಿಂದ ಮಾರಾಟದವರೆಗೆ

ಒಣಮೇವಿನ ಸತ್ವ ಇರುವುದು ಎಲೆಯಲ್ಲಿ. ಕುದುರೆಮಸಾಲೆಯ (ಲೂಸರ್ನ್ ಎಂಬ ಮೇವಿನ ಬೆಳೆ) ಪ್ರೋಟೀನಿನಲ್ಲಿ ಸುಮಾರು ಮೂರನೇ ಎರಡು ಪಾಲು ಎಲೆಯದೇ. ಕಾಂಡ ಒಣಗಬೇಕು, ಎಲೆ ಉದುರಬಾರದು. ಕಷ್ಟವಿರುವುದೇ ಇಲ್ಲಿ.

ಹುಲ್ಲಿನ ಜಾತಿಯ ಮೇವನ್ನು ಹೊಡೆ ತುಂಬಿ ತೆನೆ ಇಣುಕುವಾಗ ಕೊಯ್ಯಿರಿ. ಕುದುರೆಮಸಾಲೆಯನ್ನು ಶೇ 10ರಷ್ಟು ಹೂ ಕಂಡಾಗ. ಇನ್ನಷ್ಟು ದಿನ ಬಿಟ್ಟರೆ ತೂಕ ಹೆಚ್ಚುತ್ತದೆ ನಿಜ, ಆದರೆ ಕಾಂಡ ಬಲಿತು ನಾರಾಗಿ ದನ ತಿನ್ನುವುದೂ ಕಡಿಮೆ, ಅರಗುವುದೂ ಕಡಿಮೆ. 8ರಿಂದ 10 ಸೆಂ.ಮೀ. ಕೂಳೆ ಬಿಟ್ಟರೆ ಮೇವಿಗೆ ಮಣ್ಣು ಹತ್ತುವುದಿಲ್ಲ, ಅಡಿಯಲ್ಲಿ ಗಾಳಿಯಾಡುತ್ತದೆ.

ಒಣಗಿಸುವುದು

ಹಸಿ ಮೇವಿನಲ್ಲಿ ಶೇ 75–80 ನೀರು. ಕೊಯ್ದ ಮೇಲೂ ಗಿಡ ಉಸಿರಾಡುತ್ತ ತನ್ನ ಸಕ್ಕರೆಯನ್ನು ಕಳೆದುಕೊಳ್ಳುತ್ತಿರುತ್ತದೆ. ತೇವಾಂಶ ಶೇ 40ರ ಹತ್ತಿರ ಇಳಿದ ಮೇಲಷ್ಟೇ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಮೊದಲ ದಿನದ ಬಿಸಿಲು ಅಮೂಲ್ಯ. ಇಬ್ಬನಿ ಆರಿದ ಕೂಡಲೇ ಕೊಯ್ದು, ಅಗಲವಾಗಿ ತೆಳ್ಳಗೆ ಹರಡಿ. ಕಾಂಡ ಜಜ್ಜುವ ರೋಲರ್ ಇದ್ದರೆ ದಪ್ಪ ಕಾಂಡವೂ ಎಲೆಯ ಜೊತೆಜೊತೆಗೇ ಒಣಗುತ್ತದೆ. ತಿರುವಿಹಾಕುವ ಕೆಲಸ ಎಲೆ ಮೆತ್ತಗಿರುವಾಗಲೇ ಮುಗಿಯಲಿ. ಸಾಲುಗೂಡಿಸುವುದು ಶೇ 35–40 ತೇವಾಂಶದಲ್ಲಿ. ತಡವಾಗಿ ಎಲೆ ಗರಿಗರಿಯಾಗಿದ್ದರೆ ಮಧ್ಯಾಹ್ನ ಕೈಹಾಕಬೇಡಿ. ಮರುದಿನ ಬೆಳಗ್ಗೆ ಇಬ್ಬನಿಯ ಪಸೆ ಇರುವಾಗ ಎಳೆಯಿರಿ.

ಬೇಲ್ (ಯಂತ್ರದಲ್ಲಿ ಒತ್ತಿ ಕಟ್ಟಿದ ಮೇವಿನ ಹೊರೆ) ಕಟ್ಟುವಾಗ ತೇವಾಂಶ ಸಣ್ಣ ಬೇಲ್‌ಗೆ ಶೇ 18, ದೊಡ್ಡದಕ್ಕೆ ಶೇ 15–16 ಮೀರಬಾರದು. ಅಂದಾಜು ಸಾಲದು, ಅಳೆಯಿರಿ: 100 ಗ್ರಾಂ ಮೇವನ್ನು ಕತ್ತರಿಸಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಮೈಕ್ರೊವೇವ್‌ನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಒಣಗಿಸುತ್ತ ತೂಗಿ. ತೂಕ ಇನ್ನು ಇಳಿಯದೆ 83 ಗ್ರಾಂಗೆ ನಿಂತರೆ ತೇವಾಂಶ ಶೇ 17.

ಹಸಿ ಇರುವಾಗಲೇ ಕಟ್ಟಿದರೆ ಬೂಷ್ಟು ಬರುವುದಷ್ಟೇ ಅಲ್ಲ, ಬೇಲ್ ಒಳಗೇ ಕಾಯುತ್ತದೆ. ಪ್ರೋಟೀನ್ ಸಕ್ಕರೆಯೊಂದಿಗೆ ಬೆಸೆದು ದನಕ್ಕೆ ದಕ್ಕದಂತಾಗುತ್ತದೆ. ಕಂದು ಬಣ್ಣ, ಸುಟ್ಟ ಬೆಲ್ಲದ ವಾಸನೆ ಅದರ ಗುರುತು. ಮೊದಲ ಆರು ವಾರ ಬಣವೆಯೊಳಗೆ ಉದ್ದನೆಯ ಥರ್ಮಾಮೀಟರ್ ಇಳಿಸಿ ನೋಡುತ್ತಿರಿ. 65 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ದಿನಕ್ಕೆ ಹಲವು ಸಲ ನೋಡಿ. 80 ದಾಟಿದರೆ ಬಣವೆ ಕೆದಕಬೇಡಿ, ಗಾಳಿ ಸೋಕಿದರೆ ಹೊತ್ತಿಕೊಳ್ಳಬಹುದು; ಅಗ್ನಿಶಾಮಕದವರನ್ನು ಕರೆಯಿರಿ.

ಸಂಗ್ರಹಕ್ಕೆ ಸೂರು, ಅಡಿಯಲ್ಲಿ ಮರದ ಹಲಗೆ ಬೇಕೇ ಬೇಕು. 1.5 ಮೀಟರ್ ವ್ಯಾಸದ ಉರುಟು ಬೇಲ್ ಬಯಲಲ್ಲಿ ನೆನೆದು ಹೊರಗಿನ 15 ಸೆಂ.ಮೀ. ಕೊಳೆತರೆ, ಹೋಗುವುದು ಮೂರನೇ ಒಂದಕ್ಕಿಂತ ಹೆಚ್ಚು ಮೇವು.

ಮಾರಾಟ

ಒಂದೇ ಹೊಲದ ಒಂದೇ ಕೊಯ್ಲನ್ನು ಒಂದು ರಾಶಿಯಾಗಿ ಬೇರೆ ಇಡಿ. ಮಳೆಗೆ ಸಿಕ್ಕಿದ್ದನ್ನು ಬೆರೆಸಲೇಬೇಡಿ. ಪ್ರತಿ ರಾಶಿಯಿಂದ ಸುಮಾರು 20 ಬೇಲುಗಳ ಒಡಲಿಗೆ ಕೊಳವೆ ಚುಚ್ಚಿ ಮಾದರಿ ತೆಗೆದು, ಪ್ರೋಟೀನ್, ಎಡಿಎಫ್ (ಸುಲಭಕ್ಕೆ ಅರಗದ ನಾರು), ಎನ್‌ಡಿಎಫ್ (ಒಟ್ಟು ನಾರು) ಪರೀಕ್ಷೆ ಮಾಡಿಸಿ. ಎಲೆ ತುಂಬಿದ್ದು ಹಾಲು ಕೊಡುವ ದನಕ್ಕೆ, ದೂಳು-ಬೂಷ್ಟಿಲ್ಲದ ಹುಲ್ಲು ಕುದುರೆಗೆ, ಬಲಿತದ್ದು ಬತ್ತಿದ ಹಸುವಿಗೆ ಎಂದು ಗಿರಾಕಿಯನ್ನು ನೋಡಿ ವಿಂಗಡಿಸಿ. ಬೇಲುಗಳ ತೂಕ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಲೆಕ್ಕ ಟನ್ನಿನಲ್ಲಿರಲಿ. ಸಾಗಾಟದ ಖರ್ಚು ಯಾರದ್ದು ಎಂಬುದು ಲಾರಿಗೆ ಹೇರುವ ಮುಂಚೆಯೇ ಇತ್ಯರ್ಥವಾಗಲಿ.