ಸೀತನಿ ಸುಟ್ಟ ಬೆಂಕಿಯನ್ನು ಪೂರ್ತಿ ಆರಿಸುವುದು ಹೇಗೆ?

ಚಳಿ ಬಿತ್ತೆಂದರೆ ಪುಣೆಯಲ್ಲಿರುವ ನಮ್ಮ ಉತ್ತರ ಕರ್ನಾಟಕದ ಮಂದಿಗೆ ಸೀತನಿ, ಅಂದರೆ ಬೆಂಕಿಯಲ್ಲಿ ಸುಟ್ಟ ಎಳೆ ಜೋಳದ ಕಾಳು, ನೆನಪಾಗುತ್ತದೆ. ಇಲ್ಲಿನವರು ಹುರ್ಡಾ ಅನ್ನುತ್ತಾರೆ. ಮುಳಶಿ, ಪಾನಶೇತ್ ಕಡೆ ಗುಡ್ಡದಲ್ಲಿ ಜಾಗ ತಗೊಂಡವರು ಈಗ ಬಹಳ ಜನ. ಸೊಲ್ಲಾಪುರದ ಕಡೆಯಿಂದ ತೆನೆ ತರಿಸಿ, ಕುಳ್ಳು (ಸಗಣಿಯ ಬೆರಣಿ) ಹೊತ್ತಿಸಿ ಅಲ್ಲೇ ಸುಡುತ್ತಾರೆ. ತೊಂದರೆ ಏನೆಂದರೆ, ಮಳೆಗಾಲದಲ್ಲಿ ಸೊಂಟದುದ್ದ ಬೆಳೆದ ಹುಲ್ಲು ಗರಿಗರಿ ಒಣಗಿ ನಿಂತಿರುವುದೂ ಇದೇ ತಿಂಗಳುಗಳಲ್ಲಿ.

ಹೋದ ಜನವರಿಯಲ್ಲಿ ನಮ್ಮ ಪಕ್ಕದ ಜಾಗದಲ್ಲಿ ಹತ್ತು ಜನ ಸೀತನಿ ತಿಂದು, ಕುಣಿಗೆ ಮಣ್ಣು ಮುಚ್ಚಿ, ರಾತ್ರಿಯೇ ಊರಿಗೆ ಹೊರಟರು. ಮರುದಿನ ಮಧ್ಯಾಹ್ನ ಗಾಳಿ ಎದ್ದಿತು. ಸಂಜೆಯೊಳಗೆ ಗುಡ್ಡ ನೆತ್ತಿಯವರೆಗೂ ಕಪ್ಪಾಗಿತ್ತು. ಅವರು ಬೇಜವಾಬ್ದಾರಿ ಜನ ಅಲ್ಲ, ಮಣ್ಣು ಮುಚ್ಚಿದರೆ ಸಾಕು ಅಂತ ನಂಬಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಎಲ್ಲಿ ಹಚ್ಚಬಾರದು. ಕೋಟೆಗಳ ಸುತ್ತಲಿನ ಗುಡ್ಡ ಬಹಳಷ್ಟು ಅರಣ್ಯ ಇಲಾಖೆಯದು. ಮೀಸಲು ಅರಣ್ಯದಲ್ಲಿ ಹೀಗೆ ಬೆಂಕಿ ಹಚ್ಚುವುದು 1927ರ ಅರಣ್ಯ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಅಪರಾಧ. ತಾಮ್ಹಿಣಿ ಅಭಯಾರಣ್ಯ, ಅಲ್ಲಿಗೆ 1972ರ ವನ್ಯಜೀವಿ ಕಾಯ್ದೆಯೂ ಬರುತ್ತದೆ. ಸ್ವಂತ ಜಾಗವಾದರೂ ಪಕ್ಕದ ರೈತರಿಗೆ ಒಂದು ಮಾತು ಹೇಳಿಯೇ ಹಚ್ಚಿ, ಅವರ ಹುಲ್ಲಿನ ಬಣವೆ ಎಲ್ಲಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಫೆಬ್ರುವರಿ 15ರಿಂದ ಜೂನ್ 15 ಇಲಾಖೆಯ ಲೆಕ್ಕದಲ್ಲಿ ಬೆಂಕಿಯ ಕಾಲ. ಆಗ ಗುಡ್ಡದ ಮೇಲೆ ಬೆಂಕಿಯೇ ಬೇಡ, ಮನೆಯಲ್ಲಿ ಹಂಚಿನ ಮೇಲೆ ಹುರಿದುಕೊಳ್ಳಿ.

ಜಾಗ ಸಜ್ಜು ಮಾಡುವುದು. ಸುತ್ತ ಮೂರು ಮೀಟರ್ ಹುಲ್ಲು, ತರಗೆಲೆ ಕೆರೆದು ಬರೀ ಮಣ್ಣು ಮಾಡಿ, ಏರಿನ ಕಡೆ ಇನ್ನೂ ಜಾಸ್ತಿ. ಬೆಂಕಿ ಏರು ಹತ್ತುವಾಗ ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿ ಅದನ್ನು ಮೊದಲೇ ಒಣಗಿಸುತ್ತದೆ, ಹಾಗಾಗಿ ಓಡುತ್ತದೆ. ಮರದ ಬುಡದಲ್ಲಿ ಬೇಡ, ಬೇರು ಒಳಗೊಳಗೇ ಉರಿಯುತ್ತದೆ.

ಹೊತ್ತಿಸುವುದು. ಒಣ ಕಡ್ಡಿ, ಎರಡು ಕುಳ್ಳು, ಒಂದು ಬೆಂಕಿಪೊಟ್ಟಣ. ಡೀಸೆಲ್, ಸೀಮೆಎಣ್ಣೆ ಸುರಿಯುವುದು ಬೇಡವೇ ಬೇಡ. ಹಾಗೇ ಆಕಾಶಬುಟ್ಟಿಯಂತೆ ಹಾರಿಸುವ ಕಾಗದದ ದೀಪಗಳನ್ನು ಗುಡ್ಡಕ್ಕೆ ತರಲೇಬೇಡಿ, ಉರಿಯುತ್ತಲೇ ಎಲ್ಲಿ ಇಳಿಯುತ್ತದೋ ಯಾರ ಕೈಯಲ್ಲೂ ಇಲ್ಲ.

ಈಗ ಆರಿಸುವುದು. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಅಜ್ಜಿಯಂದಿರು ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಅದನ್ನೇ ಕೆದಕಿ ಮತ್ತೆ ಒಲೆ ಹಚ್ಚುತ್ತಿದ್ದರು, ಅಲ್ವಾ? ಮಣ್ಣು ಮುಚ್ಚಿದಾಗ ನಾವು ಮಾಡುವುದೂ ಅದನ್ನೇ. ಗಾಳಿ ಕಡಿಮೆಯಾಗಿ ಕೆಂಡ ನಿಧಾನಕ್ಕೆ ಉರಿಯುತ್ತದೆ, ಶಾಖ ಒಳಗೇ ಉಳಿಯುತ್ತದೆ. ಕುಳ್ಳು ಇನ್ನೂ ಮೋಸ. ಹೊರಗೆ ಬಿಳಿ ಬೂದಿ ಕಾಣುತ್ತದೆ, ಮುರಿದು ನೋಡಿದರೆ ನಡುವೆ ಕೆಂಪು.

ಹಾಗಾಗಿ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಹೊಸ ಕುಳ್ಳು ಹಾಕುವುದು ನಿಲ್ಲಿಸಿ. ಸಲಿಕೆಯಿಂದ ಕೆಂಡವನ್ನು ಕುಣಿಯೊಳಗೇ ಹರಡಿ, ಪ್ರತಿ ಕುಳ್ಳನ್ನೂ ಕುಟ್ಟಿ ಪುಡಿ ಮಾಡಿ. ಆಮೇಲೆ ನೀರು. ಒಮ್ಮೆಗೇ ಧಪ್ ಅಂತ ಸುರಿದರೆ ಬಿಸಿ ಬೂದಿ ಮುಖಕ್ಕೆ ಹಾರುತ್ತದೆ, ಅದಕ್ಕೆ ಚೊಂಬಿನಲ್ಲಿ ಅಂಚಿನಿಂದ ಸುರಿಯುತ್ತಾ ನಡುವಿಗೆ ಬನ್ನಿ. ಚುಂಯ್ ಅನ್ನುವ ಸದ್ದು ನಿಂತ ಕೂಡಲೇ ಬಿಡಬೇಡಿ. ಸಲಿಕೆಯಿಂದ ತಳದವರೆಗೆ ತಿರುವಿ, ಮತ್ತೆ ನೀರು, ಮತ್ತೆ ತಿರುವು, ಬೂದಿ ಸಗಣಿ ಸಾರಿಸುವ ಹದಕ್ಕೆ ತೆಳುವಾಗುವವರೆಗೆ. ಸಣ್ಣ ಬೆಂಕಿಗೂ ಇಪ್ಪತ್ತು ಲೀಟರಿನ ಎರಡು ಕ್ಯಾನ್ ಬೇಕೇ ಬೇಕು, ಕುಡಿಯುವ ನೀರು ಬೇರೆ. ಸುತ್ತ ಇಟ್ಟ ಕಲ್ಲುಗಳನ್ನು ಹೊರಳಿಸಿ ಅಡಿಗೂ ಸುರಿಯಿರಿ, ಕೆಂಡ ಅಲ್ಲಿ ಅಡಗಿರುತ್ತದೆ. ಕಾರಿಗೆಂದು ಮಾರುವ ಪುಟ್ಟ ಸ್ಪ್ರೇ ಡಬ್ಬಿಗಳನ್ನು ನಂಬಿ ಬರಬೇಡಿ. ಅವು ಮೇಲಿನ ಜ್ವಾಲೆ ಆರಿಸಬಹುದು, ಕೆಂಡದ ಒಳಗಿನ ಶಾಖ ತೆಗೆಯುವುದಿಲ್ಲ.

ಕೊನೆಗೆ ಅಂಗೈ ಹಿಂಭಾಗವನ್ನು ಬೂದಿಗೆ ಹತ್ತಿರ ತನ್ನಿ. ಬಿಸಿ ತಾಕಿದರೆ ಇನ್ನೂ ಆರಿಲ್ಲ. ತಾಕದಿದ್ದರೆ ಮೆಲ್ಲಗೆ ಮುಟ್ಟಿ, ಮತ್ತೆ ಕೆದಕಿ ತಳವನ್ನೂ ಮುಟ್ಟಿ. ಬೆಚ್ಚಗಿದ್ದರೂ ಇನ್ನೊಂದು ಕ್ಯಾನ್ ತರಿಸಿ. ಕತ್ತಲಾಯಿತು, ಚಾಂದಣಿ ಚೌಕದಲ್ಲಿ ಟ್ರಾಫಿಕ್ ಆಗುತ್ತದೆ ಅಂತ ಅವಸರ ಮಾಡುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರನ್ನು ಮುಂದೆ ಕಳಿಸಿ, ನೀವು ನಿಲ್ಲಿ.

ಹುಲ್ಲಿಗೆ ಹತ್ತಿಯೇ ಬಿಟ್ಟರೆ ಏರಿನ ಕಡೆ ಓಡಬೇಡಿ. ಅಡ್ಡಕ್ಕೆ ಸರಿದು ಇಳಿಯಿರಿ, ಮೊದಲು ಮಕ್ಕಳನ್ನು ಇಳಿಸಿ. ಜ್ವಾಲೆ ಮೊಣಕಾಲಿಗಿಂತ ಕೆಳಗಿದ್ದರೆ ಮಾತ್ರ ಇಬ್ಬರು ಮೂವರು ಸೇರಿ, ಸುಟ್ಟ ನೆಲದ ಕಡೆಯಿಂದ ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿಯಿರಿ. ಅದಕ್ಕಿಂತ ಎತ್ತರವಾದರೆ ಸುಮ್ನೆ ಧೈರ್ಯ ಮಾಡಬೇಡಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926, ಅಗ್ನಿಶಾಮಕ 101. ಫೋನಿನಲ್ಲಿ ‘ವಣವಾ’ ಅನ್ನಿ, ಕಾಳ್ಗಿಚ್ಚಿಗೆ ಮರಾಠಿಯಲ್ಲಿ ಅದೇ ಮಾತು, ತಕ್ಷಣ ತಿಳಿಯುತ್ತದೆ. ಹತ್ತಿರದ ಹಳ್ಳಿಯ ಹೆಸರನ್ನು ಬೆಂಕಿ ಹಚ್ಚುವ ಮೊದಲೇ ಕೇಳಿ ಬರೆದಿಟ್ಟುಕೊಂಡಿರಿ.