ಒಗ್ಗದ ಪೆಟ್ಟಿಗೆಗಳನ್ನು ಒಗ್ಗಿಸಿದ್ದು

ನನ್ನ ರೆಕಾರ್ಡಿಂಗ್ ಕೋಣೆಯಲ್ಲಿರುವ ಯಾವ ಎರಡು ಪೆಟ್ಟಿಗೆಗಳೂ ಒಂದೇ ಕಾಲದವಲ್ಲ. ಸದ್ದನ್ನು ಕಂಪ್ಯೂಟರಿನ ಒಳಗೂ ಹೊರಗೂ ಸಾಗಿಸುವ ಯುಎಸ್‌ಬಿ ಇಂಟರ್‌ಫೇಸ್ ಹೊಸದು. ರ‍್ಯಾಕ್ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಪೆಟ್ಟಿಗೆ) ದೊಡ್ಡ ಸ್ಟುಡಿಯೊ ಒಂದನ್ನು ಮುಚ್ಚಿದಾಗ ಸಿಕ್ಕಿದ್ದು. ಕ್ಯಾಸೆಟ್ ಡೆಕ್ ಮನೆಯಲ್ಲಿ ಕೂತು ಹಾಡು ಕೇಳುವವರಿಗಾಗಿ ಮಾಡಿದ್ದು. ಇವುಗಳ ಜೊತೆಗೆ ಒಂದು ಹಳೆಯ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ), ಆಪ್ಟಿಕಲ್ ಔಟ್‌ಪುಟ್ ಇರುವ ಎಂಟು ಚಾನೆಲ್‌ನ ಮೈಕ್ ಪ್ರೀಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಪೆಟ್ಟಿಗೆ. ಎಲ್ಲವನ್ನೂ ಜೋಡಿಸಿ ಸ್ಪೀಕರ್ ಹಾಕಿದ ಮೊದಲ ದಿನ ಸಿಂಥ್ ಕಡೆಯಿಂದ ಗುಂಯ್ ಎನ್ನುವ ಹಮ್ ಬರುತ್ತಿತ್ತು, ಪ್ರೀಆಂಪ್ ಕಡೆಯಿಂದ ಆಗಾಗ ಟಿಕ್ ಎನ್ನುವ ಸದ್ದು. ಕಂಪ್ರೆಸರಿನ ಮುಳ್ಳು ಮಾತ್ರ ಕದಲಲೇ ಇಲ್ಲ.

ಎರಡು ವಾರ ಕೇಬಲ್ ಬದಲಿಸುವುದರಲ್ಲೇ ಕಳೆದೆ. ಆಮೇಲೆ ಎಲ್ಲವನ್ನೂ ಬಿಚ್ಚಿ, ಒಂದು ನೋಟ್‌ಬುಕ್ ಹಿಡಿದು ಪ್ರತಿ ಪೆಟ್ಟಿಗೆಯ ಬೆನ್ನು ನೋಡುತ್ತ ಕೂತೆ. ಒಂದೊಂದು ಸಾಕೆಟ್ಟಿಗೂ ಮೂರು ಸಂಗತಿ ಬರೆದೆ: ಅದರ ಲೆವೆಲ್ (ಸಿಗ್ನಲ್ಲಿನ ವೋಲ್ಟೇಜ್ ಮಟ್ಟ) ಎಷ್ಟು, ಬ್ಯಾಲೆನ್ಸ್ಡೋ (ಸಿಗ್ನಲ್ಲನ್ನು ಎರಡು ತಂತಿಗಳ ನಡುವಿನ ವ್ಯತ್ಯಾಸವಾಗಿ ಒಯ್ಯುವುದೋ) ಅಲ್ಲವೋ, ಪೆಟ್ಟಿಗೆಯ ಪ್ಲಗ್ಗಿಗೆ ಅರ್ಥ್ ಪಿನ್ ಇದೆಯೋ ಇಲ್ಲವೋ. ಆ ಎರಡು ಪುಟ ತುಂಬಿದ ಮೇಲೆ ಯಾವ ಪೆಟ್ಟಿಗೆಯೂ ಕೆಟ್ಟಿಲ್ಲ ಎಂದು ಗೊತ್ತಾಯಿತು. ಕೆಟ್ಟಿದ್ದದ್ದು ನಾನು ಹಾಕಿದ ಸೇತುವೆಗಳು.

ಮೊದಲು ಲೆವೆಲ್. ಸ್ಟುಡಿಯೊ ಸಲಕರಣೆಯ ವಾಡಿಕೆಯ ಲೆವೆಲ್ +4 ಡಿಬಿಯು, ಅಂದರೆ 1.23 ವೋಲ್ಟ್. ಮನೆಬಳಕೆಯ ಡೆಕ್‌ನದು −10 ಡಿಬಿವಿ, ಅಂದರೆ 0.316 ವೋಲ್ಟ್. ಬರೀ ಅಂಕಿ ನೋಡಿದರೆ ವ್ಯತ್ಯಾಸ 14 ಅನ್ನಿಸುತ್ತದೆ, ಆದರೆ ಎರಡರ ಅಳತೆಗೋಲೇ ಬೇರೆ. ನಿಜವಾದ ಅಂತರ 11.8 ಡೆಸಿಬೆಲ್. ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಡೆಕ್‌ನಿಂದ ನೇರವಾಗಿ ಕಂಪ್ರೆಸರಿಗೆ ಕೊಟ್ಟಿದ್ದೆ. ಥ್ರೆಶೋಲ್ಡ್ (ಕಂಪ್ರೆಸರ್ ಕೆಲಸ ಶುರುಮಾಡುವ ಮಟ್ಟ) ಎಷ್ಟು ಇಳಿಸಿದರೂ ಸಿಗ್ನಲ್ ಅದನ್ನು ಮುಟ್ಟುತ್ತಿರಲಿಲ್ಲ. ತಗ್ಗಿದ ಸದ್ದನ್ನು ಸರಿದೂಗಿಸಲೆಂದು ಕಂಪ್ರೆಸರ್ ದಾಟಿದ ಮೇಲೆ ಗೇನ್ ಏರಿಸಿದರೆ ಟೇಪಿನ ಹಿಸ್ ಜೊತೆಗೆ ಕಂಪ್ರೆಸರಿನ ಸ್ವಂತ ಸದ್ದೂ ಮೇಲೆದ್ದು ಬರುತ್ತಿತ್ತು.

ಈಗ ಡೆಕ್ ಮೊದಲು ಇಂಟರ್‌ಫೇಸಿಗೆ ಹೋಗುತ್ತದೆ. ಆ ಇನ್‌ಪುಟ್ಟನ್ನು −10ಕ್ಕೆ ಇಟ್ಟಿದ್ದೇನೆ. ಅಲ್ಲಿಂದ ಲೈನ್ ಔಟ್ ಮೂಲಕ +4ರಲ್ಲಿ ಕಂಪ್ರೆಸರಿಗೆ, ಮತ್ತೆ +4ರಲ್ಲೇ ವಾಪಸ್. ಲೆವೆಲ್ ಬದಲಾವಣೆ ಬಾಗಿಲಲ್ಲೇ ಒಂದು ಸಲ ಮುಗಿದುಹೋಗಬೇಕು, ಒಳಗೆ ಎಲ್ಲವೂ ಒಂದೇ ಲೆವೆಲ್‌ನಲ್ಲಿ ಓಡಾಡಬೇಕು. ಈ ಒಂದು ನಿಯಮವನ್ನು ನಾನು ಎಲ್ಲಿಯೂ ಮುರಿಯುವುದಿಲ್ಲ.

ಅಳತೆಗೆ ದುಬಾರಿ ಯಂತ್ರ ಬೇಕಿಲ್ಲ, ಮಲ್ಟಿಮೀಟರ್ ಸಾಕು. ಆದರೆ ಸಾಮಾನ್ಯ ಮೀಟರುಗಳು 1 ಕಿಲೋಹರ್ಟ್ಜ್ ಬಳಿ ತಪ್ಪು ತೋರಿಸಬಹುದು. ನಾನು 200 ಹರ್ಟ್ಜ್ ಸೈನ್ ಟೋನ್ ಬಿಟ್ಟು, ಜ್ಯಾಕಿನ ಟಿಪ್ (ತುದಿ) ಮತ್ತು ರಿಂಗ್ (ನಡುವಿನ ಬಳೆ) ನಡುವೆ ಎಸಿ ವೋಲ್ಟೇಜ್ ಅಳೆದೆ. ನನ್ನ ಇಂಟರ್‌ಫೇಸ್ 0 ಡಿಬಿಎಫ್‌ಎಸ್‌ನಲ್ಲಿ, ಅಂದರೆ ಡಿಜಿಟಲ್ ಸದ್ದಿನ ಗರಿಷ್ಠ ಮಟ್ಟದಲ್ಲಿ, +18 ಡಿಬಿಯು ಕೊಡುತ್ತದೆ. ಹಾಗಾಗಿ −14ರಲ್ಲಿ ಟೋನ್ ಬಿಟ್ಟರೆ ಮೀಟರ್ 1.23 ವೋಲ್ಟ್ ತೋರಿಸಬೇಕು, ತೋರಿಸಿತು. ಕಂಪ್ರೆಸರಿನ ವಿಯು ಮೀಟರ್ (ಲೆವೆಲ್ ತೋರಿಸುವ ಮುಳ್ಳು) ಕೂಡ ಸೊನ್ನೆಗೆ ಬಂದು ನಿಂತಿತು. ಎರಡು ವಾರದಲ್ಲಿ ಮೊದಲ ಬಾರಿಗೆ ಆ ಮುಳ್ಳು ಎದ್ದದ್ದು ನೋಡಿ ಆದ ಸಂತೋಷ ದೊಡ್ಡದು.

ತಿರುಗುಮುರುಗಾದ ದಾರಿಯೂ ಇದೆ. ಕೆಲವು ಹಾಡುಗಳನ್ನು ಟೇಪಿನ ಬಣ್ಣಕ್ಕಾಗಿ ಡೆಕ್‌ಗೆ ಬರೆದು ವಾಪಸ್ ತರುತ್ತೇನೆ. ಬ್ಯಾಲೆನ್ಸ್ಡ್ ಔಟ್‌ಪುಟ್ಟನ್ನು ಡೆಕ್‌ನ ಅನ್‌ಬ್ಯಾಲೆನ್ಸ್ಡ್ ಆರ್‌ಸಿಎ ಸಾಕೆಟ್ಟಿಗೆ ಕೊಡುವಾಗ ಜಾಗ್ರತೆ ಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನದಾದರೆ ಕೋಲ್ಡ್ ತಂತಿಯನ್ನು (ಜೋಡಿಯ ಎರಡನೆಯದು, ರಿಂಗಿಗೆ ಹೋಗುವುದು) ಗ್ರೌಂಡಿಗೆ ಸೇರಿಸಲೇಬೇಕು. ನನ್ನದರಂತೆ ಎರಡು ಪ್ರತ್ಯೇಕ ಆಂಪ್ಲಿಫೈಯರ್ ಇರುವುದಾದರೆ ಹಾಗೆ ಸೇರಿಸಬಾರದು, ಒಂದು ಆಂಪ್ ಶಾರ್ಟ್ ಆಗಿ ಒದ್ದಾಡುತ್ತದೆ. ಅಲ್ಲಿ ರಿಂಗನ್ನು ಖಾಲಿ ಬಿಟ್ಟು ಕೇಬಲ್ ಬೆಸೆದೆ. ಇದರಿಂದ 6 ಡೆಸಿಬೆಲ್ ಕಡಿಮೆಯಾಗುತ್ತದೆ. ನನಗೆ ಹೇಗೂ 12ರಷ್ಟು ಇಳಿಸಬೇಕಿತ್ತಲ್ಲ, ಉಳಿದದ್ದನ್ನು ಡೆಕ್‌ನ ರೆಕಾರ್ಡ್ ಲೆವೆಲ್ ನೋಡಿಕೊಂಡಿತು.

ಇನ್ನು ಹಮ್. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ, ಹಮ್ ಮಾಯ. ಅಲ್ಲಿಗೆ ಗ್ರೌಂಡ್ ಲೂಪ್ ಎಂದು ಖಾತ್ರಿಯಾಯಿತು. ಸಿಂಥ್‌ನ ಪ್ಲಗ್ಗಿಗೂ ಚಾರ್ಜರಿಗೂ ಅರ್ಥ್ ಇದೆ, ಎರಡನ್ನೂ ನನ್ನ ಅನ್‌ಬ್ಯಾಲೆನ್ಸ್ಡ್ ಕೇಬಲಿನ ಷೀಲ್ಡ್ (ಹೊರಸುತ್ತಿನ ಲೋಹದ ಹೆಣಿಗೆ) ಸೇರಿಸಿ ಸುತ್ತು ಪೂರ್ತಿ ಮಾಡಿತ್ತು. ಆ ಷೀಲ್ಡಿನಲ್ಲಿ ಹರಿಯುವ ಕರೆಂಟು ಸಿಗ್ನಲ್ ಜೊತೆಗೇ ಕೂಡಿಕೊಳ್ಳುತ್ತದೆ. ಇಲ್ಲಿ ಬಹಳ ಜನ ಮಾಡುವ ಒಂದು ಕೆಲಸವಿದೆ: ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವುದು. ದಯವಿಟ್ಟು ಮಾಡಬೇಡಿ. ಒಳಗೆ ಎಲ್ಲಾದರೂ ಇನ್ಸುಲೇಷನ್ ಹೋದರೆ ಪೆಟ್ಟಿಗೆಯ ಲೋಹದ ಮೈಗೇ ಕರೆಂಟು ಬರುತ್ತದೆ. ಆಗ ಗಿಟಾರಿನ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದ ಗಾಯಕನ ಜೀವವೇ ಹೋಗಬಹುದು. ಹಮ್ ಎಷ್ಟೇ ಕಾಡಲಿ, ಆ ಪಿನ್ ಮುಟ್ಟುವಂತಿಲ್ಲ.

ನಾನು ಮಾಡಿದ್ದು ಕೇಬಲಿನಲ್ಲಿ. ಒಳಗೆ ಎರಡು ತಂತಿ, ಹೊರಗೆ ಷೀಲ್ಡ್ ಇರುವ ಮೈಕ್ ಕೇಬಲ್ ತೆಗೆದುಕೊಂಡೆ. ಸಿಂಥ್ ಕಡೆ ಒಂದು ತಂತಿ ಟಿಪ್ಪಿಗೆ, ಇನ್ನೊಂದು ತಂತಿ ಮತ್ತು ಷೀಲ್ಡ್ ಎರಡೂ ಸ್ಲೀವಿಗೆ (ಪ್ಲಗ್ಗಿನ ಬುಡಕ್ಕೆ). ಇಂಟರ್‌ಫೇಸ್ ಕಡೆ ಮೂರೂ ಬೇರೆಬೇರೆ: ಟಿಪ್, ರಿಂಗ್, ಸ್ಲೀವ್. ಈಗ ಅರ್ಥಿನ ಕರೆಂಟು ಷೀಲ್ಡಿನಲ್ಲಿ ಹರಿದುಕೊಳ್ಳುತ್ತದೆ, ಬ್ಯಾಲೆನ್ಸ್ಡ್ ಇನ್‌ಪುಟ್ ಎರಡು ಒಳತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುತ್ತದೆ. ಹಮ್ ಬಹುಪಾಲು ಹೋಯಿತು. ಉಳಿದ ಚೂರನ್ನು ಸಿಗ್ನಲ್ ದಾರಿಯಲ್ಲಿ ಹಾಕಿದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ತೆಗೆಯಿತು. ಟ್ರಾನ್ಸ್‌ಫಾರ್ಮರ್ ಕೊಳ್ಳುವವರು ದಪ್ಪ ಬೇಸ್ ಸ್ವರ ಜೋರಾಗಿ ನುಡಿಸಿ ಪರೀಕ್ಷಿಸಿ. ನಾನು ಮೊದಲು ತಂದ ಪುಟ್ಟದು ಅಲ್ಲೇ ಕರಕರ ಎಂದಿತ್ತು, ಅದರ ಕೋರ್ ಸಣ್ಣದು.

ಟಿಕ್ ಸದ್ದಿನ ಮೂಲ ಡಿಜಿಟಲ್ ಕ್ಲಾಕ್, ಅಂದರೆ ಸದ್ದನ್ನು ಯಾವಾಗ ಅಳೆಯಬೇಕೆಂದು ಹೇಳುವ ಗಡಿಯಾರ. ಅಂಥ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಪ್ರೀಆಂಪ್, ಇಂಟರ್‌ಫೇಸ್ ಎರಡೂ 48,000 ಹರ್ಟ್ಜ್ ಎಂದೇ ತೋರಿಸುತ್ತಿದ್ದವು, ಆದರೆ ತಂತಮ್ಮ ಗಡಿಯಾರ ನೋಡಿಕೊಂಡು. ಹತ್ತು ಲಕ್ಷದಲ್ಲಿ ಹತ್ತರಷ್ಟು ವ್ಯತ್ಯಾಸವಿದ್ದರೂ ಸುಮಾರು ಎರಡು ಸೆಕೆಂಡಿಗೊಮ್ಮೆ ಒಂದು ಸ್ಯಾಂಪಲ್ ತಪ್ಪುತ್ತದೆ, ಕಿವಿಗೆ ಅದೇ ಟಿಕ್. ನನ್ನಲ್ಲಿ ಆಪ್ಟಿಕಲ್ ಕೇಬಲ್ ಒಂದೇ, ಪ್ರೀಆಂಪಿನಿಂದ ಇಂಟರ್‌ಫೇಸಿಗೆ. ಆದ್ದರಿಂದ ಪ್ರೀಆಂಪೇ ಯಜಮಾನನಾಗಬೇಕು. ಇಂಟರ್‌ಫೇಸಿನ ಸಾಫ್ಟ್‌ವೇರಿನಲ್ಲಿ ಕ್ಲಾಕ್ ಸೋರ್ಸನ್ನು ಇಂಟರ್ನಲ್‌ನಿಂದ ಆಪ್ಟಿಕಲ್‌ಗೆ ಬದಲಿಸಿದೆ, ಅಷ್ಟೇ ಕೆಲಸ.

ಕೊನೆಗೆ ಉಳಿದದ್ದು ತಡ. ಗಾಯನದ ಟ್ರ್ಯಾಕನ್ನು ಕಂಪ್ರೆಸರಿಗೆ ಕಳಿಸಿ ವಾಪಸ್ ತಂದು ಮೂಲದ ಜೊತೆ ಬೆರೆಸಿದರೆ ದನಿ ಟೊಳ್ಳಾಗಿ ಕೇಳುತ್ತಿತ್ತು. ಒಂದು ಚಿಕ್ಕ ಕ್ಲಿಕ್ಕನ್ನು ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಸುತ್ತಿಸಿ ರೆಕಾರ್ಡ್ ಮಾಡಿ, ಸ್ಯಾಂಪಲ್ ಎಣಿಸಿದೆ: 200. ಅಂದರೆ 4.2 ಮಿಲಿಸೆಕೆಂಡ್. ಅಷ್ಟು ತಡವಾದ ಪ್ರತಿಯನ್ನು ಬೆರೆಸಿದರೆ 120, 360, 600 ಹರ್ಟ್ಜ್‌ಗಳಲ್ಲಿ ಒಂದನ್ನೊಂದು ನುಂಗುತ್ತವೆ, ಗಂಡುದನಿಯ ಮೈ ಇರುವುದೇ ಅಲ್ಲಿ. ವಾಪಸ್ ಬಂದ ಟ್ರ್ಯಾಕನ್ನು 200 ಸ್ಯಾಂಪಲ್ ಹಿಂದಕ್ಕೆ ಎಳೆದ ಕೂಡಲೇ ದನಿ ತುಂಬಿಕೊಂಡಿತು.

ಪ್ಯಾಚ್ ಬೇ (ಎಲ್ಲ ಪೆಟ್ಟಿಗೆಗಳ ಸಾಕೆಟ್ಟುಗಳನ್ನು ಒಂದೆಡೆ ತರುವ ಫಲಕ) ಹಾಕಿದ್ದು ಇದೆಲ್ಲ ಆದ ಮೇಲೆ, ಅದೂ ಲೈನ್ ಲೆವೆಲ್ ತಂತಿಗಳಿಗೆ ಮಾತ್ರ. ಮೈಕ್ ತಂತಿಗಳನ್ನು ಅದರ ಹತ್ತಿರಕ್ಕೂ ಬಿಟ್ಟಿಲ್ಲ. ಟಿಆರ್‌ಎಸ್ (ಟಿಪ್, ರಿಂಗ್, ಸ್ಲೀವ್ ಇರುವ) ಪ್ಲಗ್ ಒಳಗೆ ಜಾರುವಾಗ ಒಂದು ಕ್ಷಣ ಸಂಪರ್ಕಗಳು ಶಾರ್ಟ್ ಆಗುತ್ತವೆ. ಮೈಕಿಗೆ ಕೇಬಲಿನಲ್ಲೇ ಹೋಗುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಆನ್ ಇದ್ದರೆ ರಿಬ್ಬನ್ ಮೈಕಿನ ತೆಳು ರಿಬ್ಬನ್ ಹಾಳಾಗಲು ಆ ಒಂದು ಕ್ಷಣ ಸಾಕು. ಆ ನೋಟ್‌ಬುಕ್ ಈಗಲೂ ರ‍್ಯಾಕಿನ ಮೇಲೇ ಇದೆ. ಹೊಸ ಪೆಟ್ಟಿಗೆ ಬಂದರೆ ಮೊದಲು ಅದರಲ್ಲಿ ಒಂದು ಸಾಲು, ಆಮೇಲೆ ಕೇಬಲ್.