ಕಸದ ಗಾಡಿಯ ಹಿಂದೆ ಓಡಿ ಕಲಿತ ಚೀನೀ

ತೈವಾನಿನ ರಾಜಧಾನಿ ತೈಪೆಯಲ್ಲಿ ನಾನು ಎರಡು ವರ್ಷ ಓದಿದೆ. ಲ್ಯಾಬಿನಲ್ಲಿ ಮಾತುಕತೆಯೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದರಿಂದ ಚೀನೀ ಬಾರದೆಯೂ ಡಿಗ್ರಿ ಮುಗಿಸಬಹುದಿತ್ತು. ಕಸ ಮಾತ್ರ ಬಿಡಲಿಲ್ಲ.

ನನ್ನ ಬಾಡಿಗೆ ಕೋಣೆ ದಾ-ಆನ್ ಭಾಗದ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ, ಬೀದಿಯಲ್ಲಿ ಕಸದ ತೊಟ್ಟಿಯೂ ಇಲ್ಲ. ಸಂಜೆ ಗೊತ್ತಾದ ಹೊತ್ತಿಗೆ ಹಳದಿ ಲಾರಿಯೊಂದು ಬೀಥೋವನ್‌ನ ‘ಫ್ಯೂರ್ ಎಲೀಸ್’ ನುಡಿಸುತ್ತ ಬರುತ್ತದೆ. ಅದು ನಿಂತ ಕೆಲವೇ ನಿಮಿಷಗಳಲ್ಲಿ ಎಲ್ಲರೂ ಕೆಳಗಿಳಿದು ಬಂದು ತಮ್ಮ ಚೀಲ ತಾವೇ ಎಸೆಯಬೇಕು. ಬುಧವಾರ, ಭಾನುವಾರ ಗಾಡಿಗೆ ರಜೆ. ಬೆಂಗಳೂರಲ್ಲಿ ಬಾಗಿಲಿಗೇ ಬರುತ್ತಿದ್ದ ಕಸದ ಆಟೋ ನೋಡಿದ್ದ ನನಗೆ ಇದು ಹೊಸದು.

ಮೊದಲ ಸಲ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಸ ಕಟ್ಟಿಕೊಂಡು ಓಡಿದೆ. ಗಾಡಿಯವರು ಕೈಯಾಡಿಸಿ ಬೇಡವೆಂದರು. ಯಾಕೆಂದು ಕೇಳಲು ನನಗೆ ಮಾತು ಬರುತ್ತಿರಲಿಲ್ಲ. ಚೀಲ ಹೊತ್ತು ನಾಲ್ಕು ಮಹಡಿ ವಾಪಸ್ ಹತ್ತಿದೆ. ಆಮೇಲೆ ಲ್ಯಾಬಿನ ಗೆಳೆಯ ವಿವರಿಸಿದ: 2000ನೇ ಇಸವಿಯಿಂದ ತೈಪೆಯಲ್ಲಿ ನಗರಾಡಳಿತದ ನೀಲಿ ಚೀಲದಲ್ಲೇ ಕಸ ಹಾಕಬೇಕು. ಕಸದ ಶುಲ್ಕ ಆ ಚೀಲದ ಬೆಲೆಯಲ್ಲೇ ಸೇರಿದೆ. ಬಾಟಲಿ, ಕಾಗದ, ಡಬ್ಬಿ ಬೇರೆ ಮಾಡಿಟ್ಟರೆ ಪುಕ್ಕಟೆ ಒಯ್ಯುತ್ತಾರೆ, ಹಾಗಾಗಿ ವಿಂಗಡಿಸಿದಷ್ಟೂ ಚೀಲದ ಖರ್ಚು ಉಳಿಯುತ್ತದೆ. ಇಷ್ಟು ಸರಳ, ಇಷ್ಟು ನ್ಯಾಯವಾದ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚೀಲ ಕೊಳ್ಳಲು ಹೋದಾಗ ಭಾಷೆಯ ಕಷ್ಟ ಶುರುವಾಯಿತು. ‘ಮಾಯ್’ ಎನ್ನುವಾಗ ದನಿಯನ್ನು ತಗ್ಗಿಸಿ ಎತ್ತಿದರೆ ಕೊಳ್ಳುವುದು. ಮೇಲಿಂದ ಕೆಳಕ್ಕೆ ಥಟ್ಟನೆ ಬೀಳಿಸಿದರೆ ಮಾರುವುದು. ಅವಸರದಲ್ಲಿ ನಾನು ‘ಚೀಲ ಮಾರಬೇಕು’ ಎಂದಿದ್ದೆ. ಅದೂ ಅಲ್ಲದೆ, ಕಸಕ್ಕೆ ನನ್ನ ಫೋನಿನ ಆ್ಯಪ್ ಕಲಿಸಿದ್ದ ಪದ ಬೀಜಿಂಗ್ ಕಡೆಯ ‘ಲಾಚೀ’. ತೈವಾನಿನಲ್ಲಿ ಅದೇ ಅಕ್ಷರಗಳನ್ನು ‘ಲೆಸೆ’ ಎಂದು ಓದುತ್ತಾರೆ.

ಅಲ್ಲಿಯವರೆಗೆ ಚೀನೀ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದಿ ಕಲಿಯುತ್ತಿದ್ದೆ; ಆ ರಾತ್ರಿ ಆ ಲಿಪಿಯನ್ನು ಪಕ್ಕಕ್ಕಿಟ್ಟೆ. ತೈವಾನಿನ ಮಕ್ಕಳು ಒಂದನೇ ತರಗತಿಯಲ್ಲಿ ಕಲಿಯುವ 37 ಉಚ್ಚಾರಣಾ ಚಿಹ್ನೆಗಳಿವೆ, ಬೊ-ಪೊ-ಮೊ-ಫೊ ಎಂದು ಕರೆಯುತ್ತಾರೆ. ಅವನ್ನು ಬರೆಯುತ್ತ ಹೋದಂತೆ ಎದೆ ಹಗುರಾಯಿತು. ಅದು ನಮ್ಮ ವರ್ಗಾಕ್ಷರಗಳ ಹಾಗೇ ಬಾಯಿಯ ಸ್ಥಾನ ನೋಡಿ ಜೋಡಿಸಿದ ಸಾಲು: ತುಟಿಯವು ಒಂದು ಗುಂಪು, ಹಲ್ಲಿನ ಹತ್ತಿರದವು ಇನ್ನೊಂದು, ಗಂಟಲ ಕಡೆಯವು ಮತ್ತೊಂದು. ಇನ್ನೂ ದೊಡ್ಡ ಸಂಗತಿ, ಇಂಗ್ಲಿಷ್ ಲಿಪಿಯಲ್ಲಿ ‘ಬ’ ಎಂದು ಕಾಣುವುದು ನಿಜವಾಗಿ ನಮ್ಮ ಪ. ‘ಪ’ ಎಂದು ಕಾಣುವುದು ಮಹಾಪ್ರಾಣ, ಫಲದ ಫ. ‘ಡ’ ಅಂದುಕೊಂಡಿದ್ದು ತ, ‘ಟ’ ಅಂದುಕೊಂಡಿದ್ದು ಥ. ಚೀಲಕ್ಕೆ ‘ಡಾಯ್’ ಎನ್ನುತ್ತಿದ್ದೆ, ಅದು ‘ತಾಯ್’. ಊರಿನ ಹೆಸರೇ ‘ಥಾಯ್‌ಪೇ’, ಮೊದಲು ಥ, ಆಮೇಲೆ ಪ. ಅಲ್ಲಿಂದ ನನ್ನ ನೋಟ್‌ಬುಕ್ಕೆಲ್ಲ ಕನ್ನಡದಲ್ಲೇ. ಮಹಾಪ್ರಾಣವನ್ನು ಬಿಡಿಸಿ ಹೇಳುವಂತೆ ನಾಲಿಗೆ ತಿದ್ದಿದ ಧಾರವಾಡದ ನನ್ನ ಶಾಲೆಯ ಮೇಷ್ಟ್ರನ್ನು ಅವತ್ತು ಬಹಳ ನೆನೆದೆ.

ಅರ್ಥವನ್ನೇ ಬದಲಿಸುವ ಚೀನೀಯ ನಾಲ್ಕು ದನಿಗಳಿಗೂ ಕನ್ನಡದ್ದೇ ಗುರುತು ಇಟ್ಟುಕೊಂಡೆ. ಒಂದನೆಯದು ಶ್ರುತಿ ಹಿಡಿದ ಹಾಗೆ ಸಮ. ಎರಡನೆಯದು ಫೋನ್ ಎತ್ತಿ ‘ಹಾಂ?’ ಎಂದ ಹಾಗೆ. ನಾಲ್ಕನೆಯದು ಎಲೆಗೆ ಇನ್ನಷ್ಟು ಬಡಿಸಲು ಬಂದವರಿಗೆ ‘ಸಾಕು!’ ಎಂದ ಹಾಗೆ. ಮೂರನೆಯದಕ್ಕೆ, ಅಂದರೆ ಕೊಳ್ಳುವ ‘ಮಾಯ್’ನ ತಗ್ಗಿ ಏಳುವ ದನಿಗೆ, ಸರಿಯಾದ ಹೋಲಿಕೆ ಸಿಗಲೇ ಇಲ್ಲ.

ಅಭ್ಯಾಸವೆಲ್ಲ ಗಾಡಿ ಕಾಯುವ ಹತ್ತು ನಿಮಿಷದಲ್ಲಿ. ಕೆಳಮನೆಯ ಹೆಂಗಸನ್ನು ಅಲ್ಲಿಯ ರೂಢಿಯಂತೆ ‘ಆಯೀ’ ಎಂದು ಕರೆಯುತ್ತಿದ್ದೆ, ಅಂದರೆ ಅಮ್ಮನ ಅಕ್ಕತಂಗಿ. ನಮ್ಮ ಮನೆಯಲ್ಲಿ ಅಜ್ಜಿ ‘ಆಯಿ’ ಆದ್ದರಿಂದ ಆ ಕರೆ ಬಾಯಿಗೆ ತಾನಾಗೇ ಬರುತ್ತಿತ್ತು. ಅವರು ನನ್ನನ್ನು ‘ಥೋಂಗ್‌ಶ್ವೆ’ ಎನ್ನುತ್ತಿದ್ದರು. ಸಹಪಾಠಿ ಎಂಬ ಮಾತು, ವಿದ್ಯಾರ್ಥಿಗಳನ್ನೆಲ್ಲ ಹಾಗೇ ಕರೆಯುತ್ತಾರೆ. ಅಡುಗೆಮನೆಯ ಕಸಕ್ಕೆ ಆಗ ಗಾಡಿಯ ಹಿಂದೆ ಎರಡು ಡ್ರಮ್ಮು ಇರುತ್ತಿದ್ದವು: ಬೆಂದದ್ದು ಹಂದಿಗೆ, ಹಸಿಯದು ಗೊಬ್ಬರಕ್ಕೆ. ಚಹಾ ಸೋಸಿದ ಚರಟವನ್ನು, ಕುದಿಸಿದ್ದಲ್ಲವೇ ಎಂದು, ಬೆಂದದ್ದರ ಡ್ರಮ್ಮಿಗೆ ಸುರಿಯಲು ಹೋದೆ. ಆಯೀ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಚರಟವನ್ನು ಬೆರಳಲ್ಲಿ ಮುಟ್ಟಿ, ಮೂಸಿ, ಏಲಕ್ಕಿ ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದು ಇದೇನೆಂದು ಕೇಳಿದರು. ಆಮೇಲೆ ಗೊಬ್ಬರದ ಡ್ರಮ್ಮು ತೋರಿಸಿದರು. ಹಂದಿ ತಿನ್ನುವಂಥದ್ದಲ್ಲ ಚಹಾ ಚರಟ.

ಊಟದ ದಾರಿ ತೋರಿಸಿದ್ದೂ ಅವರೇ. ‘ಸೂ’ ಎಂಬ ಒಂದು ಅಕ್ಷರ ಗುರುತಿಸಲು ಕಲಿಸಿದರು, ಅದಿದ್ದರೆ ಸಸ್ಯಾಹಾರ. ಬೌದ್ಧರ ಪದ್ಧತಿಯ ಅಂಗಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ನಮ್ಮ ವ್ರತದ ಅಡುಗೆಯ ಹಾಗೆ. ಬೇಕಾದ ಪಲ್ಯಗಳನ್ನು ತಟ್ಟೆಗೆ ಹಾಕಿಕೊಂಡು ತೂಕಕ್ಕೆ ಹಣ ಕೊಟ್ಟು ಎಷ್ಟೋ ಮಧ್ಯಾಹ್ನ ಹೊಟ್ಟೆ ತುಂಬಿಸಿಕೊಂಡಿದ್ದೇನೆ.

ಅಂಗಡಿಯ ರಸೀದಿ ಎಸೆಯಬೇಡ ಎಂದೂ ಅವರೇ ಹೇಳಿದ್ದು. ತೈವಾನಿನಲ್ಲಿ ಹೆಚ್ಚಿನ ಅಂಗಡಿಗಳ ರಸೀದಿಯ ಮೇಲೆ ಎಂಟಂಕಿಯ ಸಂಖ್ಯೆ ಇರುತ್ತದೆ; ಜನವರಿ, ಮಾರ್ಚ್, ಮೇ ಹೀಗೆ ತಿಂಗಳು ಬಿಟ್ಟು ತಿಂಗಳು 25ರಂದು ಸರ್ಕಾರವೇ ಲಾಟರಿ ಎತ್ತುತ್ತದೆ. ಕಡೆಯ ಮೂರಂಕಿ ಬಹುಮಾನದ ಸಂಖ್ಯೆಗೆ ಹೊಂದಿದರೂ 200 ತೈವಾನ್ ಡಾಲರ್. ಗಾಡಿಯ ಸಂಗೀತ ಕೇಳಿಸುವವರೆಗೆ ಮೆಟ್ಟಿಲ ಮೇಲೆ ಕೂತು, ಒಂದೊಂದೇ ರಸೀದಿಯ ಅಂಕಿಗಳನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ದನಿ ತಪ್ಪಿದಲ್ಲಿ ಆಯೀ ಮತ್ತೆ ಓದಿಸುತ್ತಿದ್ದರು. ಒಮ್ಮೆ ಕಡೆಯ ಮೂರಂಕಿ ಹೊಂದಿತು. ಆ ಹಣದಲ್ಲಿ ನೀಲಿ ಚೀಲದ ಕಟ್ಟು ತಂದೆ, ‘ಮಾಯ್’ ಎನ್ನುವಾಗ ದನಿಯನ್ನು ಚೆನ್ನಾಗಿ ತಗ್ಗಿಸಿ.